ಹೆಸರು ಬರೆಯೋಕೆ ಮುಂಚೆ ಸ್ವಲ್ಪ ಕಾಯಿರಿ

ಕೋಡ್ ಬರೆದು ಚಿತ್ರ ಮಾಡುವುದು ನನ್ನ ಕೆಲಸ. ಆಫೀಸಿನ ಲಾಬಿ, ಆಸ್ಪತ್ರೆಯ ಕಾಯುವ ಜಾಗ, ಮ್ಯೂಸಿಯಂ, ಇಂಥ ಕಡೆ ಗೋಡೆ ಮೇಲೆ ದೊಡ್ಡ ಸ್ಕ್ರೀನ್ ಇರುತ್ತದಲ್ಲ, ಅದರಲ್ಲಿ ದಿನವಿಡೀ ನಿಧಾನವಾಗಿ ಬದಲಾಗುವ ಚಿತ್ರ. ಅದು ಮೊದಲೇ ಮಾಡಿಟ್ಟ ವಿಡಿಯೊ ಅಲ್ಲ. ಹಿಂದೆ ಒಂದು ಸಣ್ಣ ಕಂಪ್ಯೂಟರ್ ಇರುತ್ತದೆ. ನಾನು ಬರೆದ ನಿಯಮಗಳ ಪ್ರಕಾರ ಅದು ಆ ಕ್ಷಣಕ್ಕೆ ಬಿಡಿಸುತ್ತಾ ಹೋಗುತ್ತದೆ. ನಿಯಮ ನನ್ನದು. ಆದರೆ ನಾಳೆ ಮಧ್ಯಾಹ್ನ ಸ್ಕ್ರೀನ್ ಮೇಲೆ ಸರಿಯಾಗಿ ಏನಿರುತ್ತದೆ ಅಂತ ಕೇಳಿದರೆ ನನಗೂ ಗೊತ್ತಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಒಂದು ಮಾತು ತಪ್ಪದೆ ಹೇಳುತ್ತೇನೆ. ಸ್ಕ್ರೀನ್ ಹಾಕಿದ ಮೇಲೆ ಬ್ಯಾಗ್ ಎತ್ತಿಕೊಂಡು ಹೊರಡಬೇಡಿ. ಹಿಂದಿನ ಕುರ್ಚಿಯಲ್ಲಿ ಸುಮ್ನೆ ಕೂತು, ಜನ ಏನು ಮಾತಾಡಿಕೊಳ್ಳುತ್ತಾರೆ ಕೇಳಿಸಿಕೊಳ್ಳಿ. ನಮ್ಮ ಕೆಲಸದ ಅರ್ಧ ಅಲ್ಲಿಂದ ಶುರುವಾಗುತ್ತದೆ.

ಒಂದು ಆಸ್ಪತ್ರೆಯಲ್ಲಿ ಐಸಿಯು ಹೊರಗಿನ ಹಾಲ್‌ಗೆ ನಾವು ಮಾಡಿದ್ದು ತೀರಾ ಸರಳವಾದ ಚಿತ್ರ. ಸಾವಿರಾರು ಸಣ್ಣ ಚುಕ್ಕೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತವೆ. ಯಾವ ದಿಕ್ಕಿಗೆ ಹರಿಯಬೇಕು ಅನ್ನುವುದನ್ನು ಪರ್ಲಿನ್ ನಾಯ್ಸ್ ನಿರ್ಧರಿಸುತ್ತದೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಕೆನ್ ಪರ್ಲಿನ್ 80ರ ದಶಕದಲ್ಲಿ ಕಂಡುಹಿಡಿದ ಈ ಲೆಕ್ಕಕ್ಕೆ 1997ರಲ್ಲಿ ಆಸ್ಕರ್‌ನ ತಾಂತ್ರಿಕ ಪ್ರಶಸ್ತಿಯೂ ಬಂತು. ಇದರಲ್ಲಿ ಸಿಗುವ ಸಂಖ್ಯೆಗಳು ದಾಳ ಹಾಕಿದ ಹಾಗೆ ಎಲ್ಲೆಲ್ಲೋ ಹಾರುವುದಿಲ್ಲ. ಅಕ್ಕಪಕ್ಕದ ಸಂಖ್ಯೆಗಳು ಹತ್ತಿರ ಹತ್ತಿರವೇ ಇರುತ್ತವೆ. ಹಾಗಾಗಿ ಚಲನೆ ನಯವಾಗಿ ಕಾಣುತ್ತದೆ. ಪ್ರತಿ ಚುಕ್ಕೆಗೂ ಇಷ್ಟು ಸೆಕೆಂಡು ಅಂತ ಅವಧಿ ಕೊಡುವುದು ರೂಢಿ. ಅವಧಿ ಮುಗಿದರೆ ಅದು ಮಸುಕಾಗಿ ಮಾಯವಾಗುತ್ತದೆ, ಬೇರೆ ಕಡೆ ಹೊಸದು ಹುಟ್ಟುತ್ತದೆ. ಪಾಠ ಹೇಳುವವರೆಲ್ಲ ಹೀಗೇ ಹೇಳಿಕೊಡುತ್ತಾರೆ.

ಅಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನನ್ನು ಕೇಳಿದರು: "ಅದ್ಯಾಕಮ್ಮ, ಒಂದೊಂದೇ ಆರಿ ಹೋಗ್ತಿವೆ? ನನ್ ಕೈಲಿ ನೋಡೋಕ್ಕಾಗಲ್ಲ."

ಅವರ ಮನೆಯವರು ಒಳಗಿದ್ದರು. ಕೋಡ್‌ನಲ್ಲಿ ಸಾವು ಇರಲಿಲ್ಲ, ದುಃಖ ಇರಲಿಲ್ಲ, ಒಂದು ಟೈಮರ್ ಇತ್ತು ಅಷ್ಟೆ. ಉಳಿದದ್ದೆಲ್ಲ ಆ ಹಾಲ್‌ನಲ್ಲಿ, ಆ ಕುರ್ಚಿಯಲ್ಲಿ, ಅವರ ಮನಸ್ಸಿನಲ್ಲಿ ಇತ್ತು. ಹಾಗಂತ ಅದು ಅವರ ಕಲ್ಪನೆ ಅಂತ ತಳ್ಳಿಹಾಕಲು ಬರುತ್ತದಾ? ಅವರು ನೋಡಿದ್ದೇ ಅಲ್ಲಿನ ಚಿತ್ರ. ಆ ವಾರವೇ ನಿಯಮ ಬದಲಾಯಿಸಿದೆವು. ಈಗ ಚುಕ್ಕೆಗಳು ಆರುವುದಿಲ್ಲ. ಬಲ ಅಂಚಿನಿಂದ ಹೊರಗೆ ಹೋದದ್ದು ಎಡ ಅಂಚಿನಿಂದ ಮತ್ತೆ ಒಳಗೆ ಬರುತ್ತದೆ.

ಅರ್ಥ ನೋಡುವವರಿಂದಲೂ ಬರುತ್ತದೆ ಅನ್ನುವುದನ್ನು ಇನ್ನೂ ಚೆನ್ನಾಗಿ ತೋರಿಸುವ ಹಳೆಯ ಚಿತ್ರವೊಂದಿದೆ. ಜರ್ಮನಿಯ ಗೇಯಾರ್ಗ್ ನೇಸ್ ಸೀಮೆನ್ಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. ಕಂಪ್ಯೂಟರ್‌ನಿಂದ ಬಿಡಿಸಿದ ಚಿತ್ರಗಳನ್ನು 1965ರಲ್ಲೇ ಸ್ಟುಟ್‌ಗಾರ್ಟ್‌ನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. 'ಶೊಟರ್' (Schotter) ಅನ್ನುವ ಅವರ ಚಿತ್ರದಲ್ಲಿ ಅಡ್ಡಕ್ಕೆ 12, ಉದ್ದಕ್ಕೆ 22 ಚೌಕಗಳಿವೆ. ಮೇಲಿನ ಸಾಲು ನೆಟ್ಟಗಿದೆ. ಸಾಲು ಕೆಳಗಿಳಿದ ಹಾಗೆ ಚೌಕ ಎಷ್ಟು ತಿರುಗಬಹುದು, ಎಷ್ಟು ಜರುಗಬಹುದು ಅನ್ನುವ ಮಿತಿ ಜಾಸ್ತಿಯಾಗುತ್ತಾ ಹೋಗುತ್ತದೆ. ಇಷ್ಟೇ ನಿಯಮ. ನಮ್ಮಲ್ಲಿಗೆ ಬರುವ ಟ್ರೇನಿಗಳಿಗೆ ಇದನ್ನು ತೋರಿಸಿದರೆ "ಬೀಳ್ತಿದೆ", "ಕುಸೀತಿದೆ" ಅನ್ನುತ್ತಾರೆ. ಪ್ರಿಂಟ್ ತಲೆಕೆಳಗು ಮಾಡಿ ಹಿಡಿದರೆ ಅವರೇ "ಜೋಡಿಸ್ತಾ ಇದ್ದಾರೆ" ಅನ್ನುತ್ತಾರೆ. ಆ ಪ್ರೋಗ್ರಾಂನಲ್ಲಿ ಭೂಮಿಯ ಸೆಳೆತ ಇಲ್ಲವೇ ಇಲ್ಲ. ನಮ್ಮ ಮೈಗೆ ಬೀಳುವುದು ಏನು ಅಂತ ಗೊತ್ತು, ಅದಕ್ಕೇ ಚೌಕಗಳೂ ಬೀಳುತ್ತವೆ.

ಹಾಗಾದರೆ ಮಾಡಿದವರ ಪಾಲು ಏನೂ ಇಲ್ಲವಾ? ಖಂಡಿತ ಇದೆ. ಪೂರ್ತಿ ಅಸ್ತವ್ಯಸ್ತ ಮಾಡಿದರೆ ಸಿಗ್ನಲ್ ಹೋದ ಟಿವಿಯಂತೆ ಆಗುತ್ತದೆ, ಯಾರೂ ನಿಲ್ಲುವುದಿಲ್ಲ. ಪೂರ್ತಿ ಕ್ರಮಬದ್ಧ ಮಾಡಿದರೆ ಗೋಡೆಯ ಟೈಲ್ಸ್ ಆಗುತ್ತದೆ, ಆಗಲೂ ಯಾರೂ ನಿಲ್ಲುವುದಿಲ್ಲ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಕಣ್ಣು ಹುಡುಕಲು ಶುರು ಮಾಡುತ್ತದೆ. ಆ ಜಾಗ ಯಾವುದು ಅಂತ ಕಂಡುಕೊಳ್ಳುವುದೇ ನನ್ನ ಕಸುಬು.

ಹೆರಾಲ್ಡ್ ಕೋಹೆನ್ ಇದರ ಹಿಂದೆ ಬಹಳ ವರ್ಷ ಬಿದ್ದಿದ್ದರು. ವೆನಿಸ್ ಬಿಯೆನಾಲೆ ಅನ್ನುವ ದೊಡ್ಡ ಅಂತರರಾಷ್ಟ್ರೀಯ ಕಲಾ ಪ್ರದರ್ಶನಕ್ಕೆ 1966ರಲ್ಲಿ ಬ್ರಿಟನ್ ಪರವಾಗಿ ಹೋದ ಚಿತ್ರಕಾರ ಅವರು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ 'ಆರನ್' ಅನ್ನುವ ಪ್ರೋಗ್ರಾಂ ಬರೆದರು. ಕನಿಷ್ಠ ಏನೇನು ಇದ್ದರೆ ಒಂದಷ್ಟು ಗೆರೆಗಳನ್ನು ಮನುಷ್ಯ ಚಿತ್ರ ಅಂತ ನೋಡುತ್ತಾನೆ? ಇದು ಅವರ ಪ್ರಶ್ನೆ. ಮೊದಮೊದಲ ಆರನ್‌ಗೆ ಪ್ರಾಣಿ, ಬೆಟ್ಟ ಏನೂ ಗೊತ್ತಿರಲಿಲ್ಲ. ಮುಚ್ಚಿದ ಆಕಾರ, ತೆರೆದ ಆಕಾರ, ಒಳಗೆ, ಹೊರಗೆ, ಇಂಥವಷ್ಟೇ ಗೊತ್ತಿತ್ತು. ನೋಡಿದವರಿಗೆ ಮಾತ್ರ ಅದರಲ್ಲಿ ಪ್ರಾಣಿಗಳು, ಬಂಡೆಗಳು ಕಾಣುತ್ತಿದ್ದವು.

ಈಗ ಬೋರ್ಡಿನ ವಿಷಯ. ಚಿತ್ರದ ಪಕ್ಕ ಹೆಸರು, ವಿವರ ಬರೆದು ಒಂದು ಸಣ್ಣ ಬೋರ್ಡ್ ಹಾಕುತ್ತಾರಲ್ಲ, ಅದು ಕೋಡ್‌ಗಿಂತ ಜೋರಾಗಿ ಮಾತಾಡುತ್ತದೆ. ಬೇರೊಂದು ಕಟ್ಟಡದಲ್ಲಿ ಇಂಥದ್ದೇ ಹರಿಯುವ ಚಿತ್ರ ಹಾಕಿದ್ದೆವು. ರಾತ್ರಿ ಪಾಳಿಯ ಸೆಕ್ಯೂರಿಟಿಯವರು ಸಿಂಧನೂರು ಕಡೆಯವರು. "ಗಾಳಿ ಬಿಟ್ಟಾಗ ಭತ್ತದ ಗದ್ದಿ ಹಿಂಗ ಆಗ್ತದ ನೋಡ್ರಿ ಮೇಡಂ" ಅಂದರು. ಹಗಲಿನ ರಿಸೆಪ್ಷನಿಸ್ಟ್‌ಗೆ ಅದು ಕೂದಲು. ಒಂದು ಮಗುವಿಗೆ ಮೀನಿನ ಗುಂಪು. ಆಮೇಲೆ ಆಡಳಿತದವರು 'ನದಿ' ಅಂತ ಬೋರ್ಡ್ ಹಾಕಿದರು. ಅಲ್ಲಿಂದ ಮುಂದೆ ನಾನು ಕೇಳಿದವರೆಲ್ಲ ಬೋರ್ಡ್ ಓದಿ "ನದಿ" ಅಂದರು, ಒಂದು ಸಲ ನೋಡಿ ಮುಂದೆ ಹೋದರು. ನನಗೆ ನಿಜಕ್ಕೂ ಬೇಜಾರಾಯಿತು. ನದಿ ಅನ್ನುವುದು ಕೆಟ್ಟ ಹೆಸರು ಅಂತಲ್ಲ. ಗದ್ದೆ ಹೋಯಿತಲ್ಲ, ಅದಕ್ಕೆ.

"ಇದು ಎಐ ಮಾಡಿದ್ದಾ?" ಅನ್ನುವ ಪ್ರಶ್ನೆಯೂ ಇದೇ ಥರ ಬಾಗಿಲು ಹಾಕುತ್ತದೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಮೈಕೆಲ್ ನೋಲ್ 60ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಡಚ್ ಚಿತ್ರಕಾರ ಮಾಂಡ್ರಿಯನ್ 1917ರಲ್ಲಿ ಬರೆದ, ಗೆರೆಗಳಷ್ಟೇ ಇರುವ ಒಂದು ಚಿತ್ರ. ಅದೇ ಧಾಟಿಯಲ್ಲಿ ಕಂಪ್ಯೂಟರ್ ಬಿಡಿಸಿದ ಇನ್ನೊಂದು. ಎರಡರ ನಕಲನ್ನೂ 100 ಜನರಿಗೆ ತೋರಿಸಿದರು. ಕಂಪ್ಯೂಟರಿನದು ಯಾವುದು ಅಂತ ಸರಿಯಾಗಿ ಹೇಳಿದವರು 28 ಜನ. ಕಂಪ್ಯೂಟರಿನದೇ ಚೆನ್ನಾಗಿದೆ ಅಂದವರು 59 ಜನ. ಯಾರು ಮಾಡಿದ್ದು ಅಂತ ಕೇಳುವುದು ತಪ್ಪಲ್ಲ, ಅದನ್ನು ನಾವು ಮುಚ್ಚಿಡಲೂಬಾರದು. ಆದರೆ ಆ ಉತ್ತರ ಮೊದಲೇ ಸಿಕ್ಕರೆ ತುಂಬಾ ಜನ ನೋಡುವುದನ್ನೇ ನಿಲ್ಲಿಸಿಬಿಡುತ್ತಾರೆ.

ಹಾಗಾಗಿ ಈಗ ನಮ್ಮ ಕೊಟೇಶನ್‌ನಲ್ಲೇ ಒಂದು ಷರತ್ತು ಹಾಕುತ್ತೇವೆ. ಮೊದಲ ತಿಂಗಳು ಬೋರ್ಡ್ ಇಲ್ಲ. ಆ ತಿಂಗಳು ನಮ್ಮವರು ಒಬ್ಬರು ಆಗಾಗ ಹೋಗಿ ಕೂತು, ಜನ ಹೇಳಿದ್ದನ್ನು ಬರೆದುಕೊಂಡು ಬರುತ್ತಾರೆ. ಹೌಸ್‌ಕೀಪಿಂಗ್‌ನವರು, ಸೆಕ್ಯೂರಿಟಿಯವರು ಹೇಳಿದ್ದನ್ನು ಮೊದಲು ಓದುತ್ತೇವೆ, ಯಾಕೆಂದರೆ ಚಿತ್ರವನ್ನು ಎಲ್ಲರಿಗಿಂತ ಜಾಸ್ತಿ ಹೊತ್ತು ನೋಡುವವರು ಅವರೇ. ಅಗತ್ಯ ಬಿದ್ದರೆ ನಿಯಮ ತಿದ್ದುತ್ತೇವೆ. ಆಮೇಲೆ ಬೋರ್ಡ್. ಅದರಲ್ಲಿ ಚಿತ್ರ ಹೇಗೆ ಚಲಿಸುತ್ತದೆ ಅಂತ ಎರಡು ಸಾಲು, ಕೋಡ್ ಬರೆದವರ ಹೆಸರು, ಇಷ್ಟೇ ಇರುತ್ತದೆ. ಅದು ಏನು ಅಂತ ಬರೆಯುವುದಿಲ್ಲ. ಕೆಲವು ಗ್ರಾಹಕರು ಇದಕ್ಕೆ ಒಪ್ಪುವುದಿಲ್ಲ, ಅವರ ಜೊತೆ ನಾನು ಕೂತು ಮಾತಾಡುತ್ತೇನೆ, ಕೆಲವೊಮ್ಮೆ ಗಂಟೆಗಟ್ಟಲೆ.