ಮೆಶಿನ್ ಸರಿಯಾಗೇ ಇತ್ತು

ಶಿರಸಿಯಲ್ಲಿ ಇಸಿಜಿ ತೆಗೆಯುವ ಕೆಲಸಕ್ಕೆ ಸೇರಿ ಆಗ ನಾಲ್ಕು ವರ್ಷ. ಕೈ ಪಳಗಿದೆ ಅನ್ನುವ ಸೊಕ್ಕು ಬೇರೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ತೋಟದ ಸೀಮೆಯಿಂದ ಅರವತ್ತರ ಹತ್ತಿರದ ಒಬ್ಬ ಅಮ್ಮ ಬಂದರು, ಜೊತೆಗೆ ಮಗಳು. ಹತ್ತು ಮೆಟ್ಟಿಲಿಗೇ ಏದುಸಿರು. ಪಟ್ಟಿ ಹೊರಬಂತು. ಅಲೆಗಳೆಲ್ಲ ಇರುವೆ ಸಾಲಿನ ಹಾಗೆ. ಕೈಕಾಲಿಗೆ ಹಚ್ಚಿದ ವೈರ್‌ಗಳಿಂದ ಬರುವ ಸಾಲುಗಳಲ್ಲಿ (ಲೀಡು) ಒಂದು ಅಲೆಯೂ 5 ಮಿಲಿಮೀಟರ್ ದಾಟಿಲ್ಲ. ಬಡಿತ ನಿಮಿಷಕ್ಕೆ 48. ಮೆಶಿನ್ ಕೈಕೊಟ್ಟಿತು ಅಂದುಕೊಂಡೆ. ಜೆಲ್ ಒರೆಸಿ ಮತ್ತೆ ಹಚ್ಚಿದೆ, ಕ್ಲಿಪ್ ಬದಲಿಸಿದೆ. ಊಹೂಂ. ಕೊನೆಗೆ ಗೇನ್, ಅಂದರೆ ಅಲೆಯನ್ನು ಎಷ್ಟು ದೊಡ್ಡದಾಗಿ ಬರೆಯಬೇಕೆಂಬ ಅಳತೆ, ಎರಡು ಪಟ್ಟು ಮಾಡಿ, ಚೆಂದದ ಪಟ್ಟಿಯೊಂದನ್ನು ತೆಗೆದು ಡಾಕ್ಟರ ಮೇಜಿಗೆ ಕಳಿಸಿದೆ. ಮೊದಲಿನದು ಕಸದ ಬುಟ್ಟಿಗೆ.

ಐದು ನಿಮಿಷದಲ್ಲಿ ಕರೆ ಬಂತು. "ಈ ಚೌಕ ಯಾಕೆ 20 ಮಿಲಿಮೀಟರ್ ಇದೆ?" ಪಟ್ಟಿಯ ಅಳತೆ ತೋರಿಸುವ ಕ್ಯಾಲಿಬ್ರೇಶನ್ ಗುರುತನ್ನು ಡಾಕ್ಟರು ನೋಡಿಬಿಟ್ಟಿದ್ದರು, ಮಾಮೂಲಿಗೆ ಅದು 10 ಇರಬೇಕು. ಬುಟ್ಟಿಯಿಂದ ಹಳೆಯದನ್ನು ಹೆಕ್ಕಿ ತಂದುಕೊಟ್ಟೆ. ಬೈಯಲಿಲ್ಲ, ಪೇಶಂಟ್ ಹತ್ತಿರ ಕರೆದುಕೊಂಡು ಹೋದರು.

ಅರ್ಧ ಗಂಟೆ ಅವರ ಎದೆಗೆ ವೈರ್ ಅಂಟಿಸಿದ್ದೆ, ಆ ಸೆಕೆಯಲ್ಲಿ ಅವರು ಸ್ವೆಟರ್ ಬಿಚ್ಚಿ ಪಕ್ಕಕ್ಕಿಟ್ಟಿದ್ದು ಕಣ್ಣಿಗೇ ಬಿದ್ದಿರಲಿಲ್ಲ. ಊದಿದ ಮುಖ, ಗೊಗ್ಗರು ದನಿ. ಡಾಕ್ಟರು ಹಿಮ್ಮಡಿಗಿಂತ ತುಸು ಮೇಲೆ ಸುತ್ತಿಗೆ ತಟ್ಟಿದರು. ಪಾದ ಜಗ್ಗಿತು, ವಾಪಸ್ ಬರುವಾಗ ಮಾತ್ರ ಸೋಂಬೇರಿ ಬಾಗಿಲಿನ ಹಾಗೆ ನಿಧಾನ.

ಡಾಕ್ಟರಿಗೆ ಥೈರಾಯ್ಡ್ ಮಂದವಾಗಿರುವ ಅನುಮಾನ. ರಕ್ತದಲ್ಲಿ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಮಂದವಾದಷ್ಟೂ ಏರುವ ಹಾರ್ಮೋನ್, ನೂರು ದಾಟಿತ್ತು. ಎಕೋದಲ್ಲಿ (ಹೃದಯದ ಸ್ಕ್ಯಾನ್) ನೋಡಿದರೆ ಹೃದಯದ ಸುತ್ತಿನ ಚೀಲದಲ್ಲಿ ನೀರು. ಅಲೆ ಸಣ್ಣದಾಗಿದ್ದು ಅದಕ್ಕೇ. ತಿಂಗಳುಗಟ್ಟಲೆ ಮೆಲ್ಲಗೆ ತುಂಬಿದ್ದರಿಂದ ಚೀಲವೂ ಹಿಗ್ಗುತ್ತಾ ಹೋಗಿ ಹೃದಯ ಅದುಮಿಕೊಂಡಿರಲಿಲ್ಲ. ಸೂಜಿ ಹಾಕಿ ತೆಗೆಯುವ ಪ್ರಮೇಯ ಬರಲಿಲ್ಲ. ಕೊಲೆಸ್ಟ್ರಾಲ್ ಜಾಸ್ತಿ ಅಂತ ಮೊದಲೇ ಎಲ್ಲೋ ಸ್ಟಾಟಿನ್ ಕೊಟ್ಟಿದ್ದರಂತೆ, ಅಂದಿನಿಂದ ತೊಡೆನೋವು. ಥೈರಾಯ್ಡ್ ಮಂದವಾದರೆ ಲಿವರ್ ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲ್ ಎಳೆದುಕೊಳ್ಳುವುದು ಕಡಿಮೆ. ಆ ಸ್ಥಿತಿಯಲ್ಲಿ ಸ್ಟಾಟಿನ್ ಸ್ನಾಯುಗಳಿಗೆ ಹೆಚ್ಚು ಕಾಟ ಕೊಡುತ್ತದೆ. ಡಾಕ್ಟರು ಅದನ್ನು ಸದ್ಯಕ್ಕೆ ನಿಲ್ಲಿಸಿದರು.

ಥೈರಾಯ್ಡ್ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ ಶುರುವಾಗಿದ್ದು 25 ಮೈಕ್ರೋಗ್ರಾಮ್‌ನಿಂದ. "ನೂರು ದಾಟಿದ್ದಕ್ಕೆ ಇಷ್ಟೇ ಸಣ್ಣ ಮಾತ್ರೆಯಾ?" ಅಂತ ಮಗಳಿಗೆ ಅನುಮಾನ. "ಕೊಟ್ಟಿಗೆಯಲ್ಲಿ ಮಲಗಿದ್ದ ಎತ್ತನ್ನು ಎಬ್ಬಿಸಿ ಒಮ್ಮೆಲೇ ದೇವಿಮನೆ ಘಟ್ಟ ಹತ್ತಿಸ್ತೀಯೇನೇ?" ಅಂದರು ಡಾಕ್ಟರು. ನಿಧಾನಕ್ಕೆ ಒಗ್ಗಿದ ಹೃದಯಕ್ಕೆ ಏಕಾಏಕಿ ಕೆಲಸ ಹೆಚ್ಚಿದರೆ ಆಮ್ಲಜನಕವೂ ಹೆಚ್ಚು ಬೇಕು. ರಕ್ತನಾಳ ಕಿರಿದಾಗಿದ್ದರೆ ಎದೆನೋವು ಬರಬಹುದು, ಬಡಿತದ ತಾಳ ತಪ್ಪಬಹುದು. ಆರೆಂಟು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿ ಏರಿಸುತ್ತಾ ಹೋದರು. ನಡುವೆ ಒಮ್ಮೆ ಏರಿಸಿದರೂ ಟಿಎಸ್‌ಎಚ್ ಜಗ್ಗಲಿಲ್ಲ. ಅಮ್ಮ ಮಾತ್ರೆಯನ್ನು ಬೆಳಗಿನ ಹಾಲಿನ ಕಷಾಯದ ಜೊತೆ ನುಂಗುತ್ತಿದ್ದರು, ಬೆನ್ನಿಗೇ ಕ್ಯಾಲ್ಸಿಯಂ! ಮಾತ್ರೆ ಮೈಗೆ ಹತ್ತುವುದಾದರೂ ಹೇಗೆ? ಖಾಲಿ ಹೊಟ್ಟೆ, ಬರೀ ನೀರು, ಅರ್ಧ ಗಂಟೆ ಬಿಟ್ಟು ಕಷಾಯ, ನಾಲ್ಕು ತಾಸು ಬಿಟ್ಟು ಕ್ಯಾಲ್ಸಿಯಂ ಅಂತ ನಾನೇ ಚೀಟಿ ಬರೆದುಕೊಟ್ಟೆ.

ದೀಪಾವಳಿ ಹೊತ್ತಿಗೆ ತೆಗೆದ ಪಟ್ಟಿಯನ್ನು ಹಳೆಯದರ ಪಕ್ಕ ಕಿಟಕಿ ಗಾಜಿಗೆ ಒತ್ತಿ ಹಿಡಿದು ನೋಡಿದೆ. ಅದೇ ಮೆಶಿನ್, ಅದೇ ಗೇನ್. ಎಲ್ಲ ಅಲೆಗಳೂ ತಲೆ ಎತ್ತಿ ನಿಂತಿದ್ದವು.

ಈಗ ಗೇನ್ ಮುಟ್ಟಿದರೆ ಪಟ್ಟಿಯ ಮೇಲೆ ಕೆಂಪು ಪೆನ್ನಲ್ಲಿ ಬರೆಯುತ್ತೇನೆ, ಮೊದಲಿನ ಪಟ್ಟಿಯನ್ನೂ ಜೊತೆಗೇ ಪಿನ್ ಮಾಡುತ್ತೇನೆ.