ಮಾವನ ರಿವಾಲ್ವರ್‌ಗೆ ಹೊಸ ಸ್ಪ್ರಿಂಗ್

ನಮ್ಮ ಸೋದರಮಾವನದು ಪಾಂಡವಪುರದ ಕಡೆ ತೋಟದ ಮನೆ. ಸುತ್ತ ಕಬ್ಬು. ಪಕ್ಕದ ಮನೆಗೆ ಕೂಗಿದರೂ ಕೇಳಿಸುವುದಿಲ್ಲ. ಅವರ ತಂದೆ ಕೊಂಡಿದ್ದ .32 ರಿವಾಲ್ವರ್ ಒಂದಿದೆ, ಲೈಸೆನ್ಸ್ ಈಗ ಮಾವನ ಹೆಸರಲ್ಲಿದೆ. ಅಮೆರಿಕದ ಸ್ಮಿತ್ ಅಂಡ್ ವೆಸನ್, ಜೆ ಫ್ರೇಮ್ ಅನ್ನುತ್ತಾರಲ್ಲ, ಆ ಚಿಕ್ಕ ಸೈಜಿನದು. ಚುನಾವಣೆ ಬಂದಾಗಲೆಲ್ಲ ಅದು ಠಾಣೆ ಸೇರುತ್ತದೆ, ಮುಗಿದ ಮೇಲೆ ಮನೆಗೆ ಬರುತ್ತದೆ. ಈ ಸಲ ತಂದ ಮೇಲೆ ಮಾವ ಖಾಲಿ ಮಾಡಿ ಟ್ರಿಗರ್ ಎಳೆದು ನೋಡಿದ್ದಾರೆ. ತಕ್ಷಣ ನನಗೆ ಫೋನ್.

"ಲೇ ಅಳಿಯ, ಇದ್ನ ಎಳೆಯೋದ್ರೊಳ್ಗೆ ಕಳ್ಳ ಕಬ್ಬಿನ್ ಗದ್ದೆ ದಾಟಿ ನಾಲೆ ಏರಿ ಮೇಲೆ ನಿಂತಿರ್ತಾನೆ ಕಣ್ಲಾ. ನೀನು ಸ್ಪ್ರಿಂಗ್ ಕೆಲಸದೋನು ತಾನೆ? ಒಂದು ಮೆತ್ತಗಿರೋದು ಸುತ್ಕೊಡು."

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟೂಲ್ ರೂಮ್ ಕೆಲಸದವನು. ಸ್ಪ್ರಿಂಗ್ ಸುತ್ತುವುದು ನನಗೆ ಕಷ್ಟವಲ್ಲ. ಆದರೆ 1959ರ ಆಯುಧ ಕಾಯ್ದೆಯ ಲೆಕ್ಕದಲ್ಲಿ ಬಂದೂಕಿನ ಬಿಡಿಭಾಗವೂ ಆಯುಧವೇ. ರಿಪೇರಿ ಮಾಡುವುದಕ್ಕೂ ಬೇರೆ ಲೈಸೆನ್ಸ್ ಬೇಕು. ಹೊರದೇಶದಿಂದ ಪಾರ್ಸೆಲ್ ತರಿಸೋಣ ಅನ್ನುವ ಮಾತಂತೂ ಬೇಡವೇ ಬೇಡ. ಮಾವನನ್ನು ಒಪ್ಪಿಸಿ ಮೈಸೂರಿನಲ್ಲಿ ಲೈಸೆನ್ಸ್ ಇರುವ ಒಬ್ಬ ಹಳೇ ಮೇಸ್ತ್ರಿಯ ಹತ್ತಿರ ಕರೆದುಕೊಂಡು ಹೋದೆ.

ಮೇಸ್ತ್ರಿ ಮೊದಲು ಕೇಳಿದ್ದು ಲೈಸೆನ್ಸ್ ಪುಸ್ತಕ. ಆಮೇಲೆ ಸಿಲಿಂಡರ್ ತೆರೆದು ಖಾಲಿ ಇದೆಯಾ ಅಂತ ತಾವೇ ನೋಡಿದರು. ಲಗೇಜ್ ತೂಗುವ ಕೈತಕ್ಕಡಿಯ ಕೊಕ್ಕೆಯನ್ನು ಟ್ರಿಗರ್‌ಗೆ ಸಿಕ್ಕಿಸಿ ಎಳೆದರು. 6 ಕಿಲೋ ಹತ್ತಿರ ತೋರಿಸಿತು. ಹ್ಯಾಮರನ್ನು, ಅಂದರೆ ಗುಂಡಿನ ತಳಕ್ಕೆ ಪೆಟ್ಟು ಕೊಡುವ ಸುತ್ತಿಗೆಯನ್ನು, ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದು ನಿಲ್ಲಿಸಿಕೊಂಡರೆ ಒಂದೂವರೆ ಕಿಲೋ ಸಾಕು. ಮಾವನ ತಕರಾರು ಮೊದಲನೆಯದರ ಬಗ್ಗೆ. ರಾತ್ರಿ ಗಾಬರಿಯಲ್ಲಿ ಹೆಬ್ಬೆರಳು ಎಲ್ಲಿ ಹುಡುಕಲಿ ಅನ್ನುತ್ತಾರೆ. ನ್ಯಾಯವೇ.

ಒಳಗಿರುವುದು ಮುಖ್ಯವಾಗಿ ಎರಡು ಸ್ಪ್ರಿಂಗ್. ಹಿಡಿಯೊಳಗೆ ಕೂತಿರುವ ಮೇನ್ ಸ್ಪ್ರಿಂಗ್ ಹ್ಯಾಮರನ್ನು ಮುಂದಕ್ಕೆ ತಳ್ಳುತ್ತದೆ. ಟ್ರಿಗರ್ ಹಿಂದೆ ರಿಬೌಂಡ್ ಸ್ಲೈಡ್ ಅಂತ ಒಂದು ಸಣ್ಣ ಕಬ್ಬಿಣದ ತುಂಡು, ಅದರ ಹೊಟ್ಟೆಯೊಳಗೆ ಇನ್ನೊಂದು ಸ್ಪ್ರಿಂಗ್. ಇದು ಟ್ರಿಗರನ್ನು ವಾಪಸ್ ಮುಂದಕ್ಕೆ ತರುತ್ತದೆ, ಹ್ಯಾಮರನ್ನೂ ಗುಂಡಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿ ತಡೆದು ನಿಲ್ಲಿಸುತ್ತದೆ. ಟ್ರಿಗರ್ ಎಳೆಯುವಾಗ ಬೆರಳು ಎರಡನ್ನೂ ಒಟ್ಟಿಗೆ ಅದುಮಬೇಕು. ಜೊತೆಗೆ ಉಜ್ಜಾಟ ಬೇರೆ. ಹಾಗಾಗಿ "ಮೆತ್ತಗಿರೋ ಸ್ಪ್ರಿಂಗ್ ಹಾಕಿ" ಅಂದರೆ ಯಾವುದು ಅನ್ನುವ ಪ್ರಶ್ನೆ ಬರುತ್ತದೆ. ಮಾವನಿಗೆ ಎರಡೂ ಬೇಕಿತ್ತು!

ಪಕ್ಕದ ಪ್ಲೇಟ್ ಬಿಚ್ಚಿದರೆ ಒಳಗೆ ಹಳೇ ಎಣ್ಣೆ ಅಂಟಿನ ಹಾಗೆ ಒಣಗಿತ್ತು. ಮೇಸ್ತ್ರಿ ಮಾವನ ಮುಖ ನೋಡಿದರು. ಮಾವ ಬೀದಿ ನೋಡಿದರು. ತೊಳೆದು, ರಿಬೌಂಡ್ ಸ್ಲೈಡಿನ ತಳವನ್ನು ನಯವಾದ ಕಲ್ಲಿನ ಮೇಲೆ ಎರಡು ಸಲ ಹಾಯಿಸಿ, ಒಂದೊಂದು ತೊಟ್ಟು ಎಣ್ಣೆ ಬಿಟ್ಟು ಜೋಡಿಸಿದರೆ ಅಲ್ಲೇ ಅರ್ಧ ಕಿಲೋ ಇಳಿಯಿತು. ಒಂದು ಸ್ಪ್ರಿಂಗೂ ಬದಲಾಯಿಸಿಲ್ಲ ಇನ್ನೂ.

ಆಮೇಲೆ ಮೇಸ್ತ್ರಿ ಹಾರ್ಲಿಕ್ಸ್ ಬಾಟಲಿ ತೆಗೆದರು. ತುಂಬ ಸ್ಪ್ರಿಂಗುಗಳು. ಕೆಲವು ಅವರೇ ಪಿಯಾನೋ ತಂತಿಯಲ್ಲಿ ಸುತ್ತಿದ್ದು, ಕೆಲವು ಡೀಲರ್ ಮೂಲಕ ಬಂದ ವುಲ್ಫ್ ಕಂಪನಿಯವು. ಈ ರಿವಾಲ್ವರ್‌ನ ರಿಬೌಂಡ್ ಸ್ಪ್ರಿಂಗ್ ಫ್ಯಾಕ್ಟರಿಯಿಂದ ಬರುವಾಗ 18 ಪೌಂಡಿನದು. ಬದಲಿಗೆ 16, 15, 14 ಹೀಗೆ ಸಿಗುತ್ತವೆ. ಅದು ಸ್ಪ್ರಿಂಗಿನ ಸ್ವಂತ ಬಲ, ಟ್ರಿಗರ್ ಎಳೆತವಲ್ಲ. 4 ಪೌಂಡ್ ಇಳಿಸಿದರೆ ಬೆರಳಿಗೂ 4 ಪೌಂಡ್ ಕಮ್ಮಿ ಆಗುತ್ತದೆ ಅಂದುಕೊಳ್ಳಬಾರದು.

"ಹೊಸದ್ಯಾಕೆ, ಇರೋದನ್ನೇ ಎರಡು ಸುತ್ತು ಕತ್ತರಿಸಿ" ಎಂದರು ಮಾವ. ಇಲ್ಲಿ ನಾನು ಬಾಯಿ ಹಾಕಿದೆ, ಇದು ನನ್ನ ಕಸುಬು ಅಲ್ವಾ. ಸುತ್ತು ಕತ್ತರಿಸಿದರೆ ಉಳಿದ ಸ್ಪ್ರಿಂಗ್ ಮೆತ್ತಗಾಗುವುದಿಲ್ಲ, ಇನ್ನೂ ಬಿರುಸಾಗುತ್ತದೆ. ಉದ್ದ ಕಮ್ಮಿಯಾಗಿ ಶುರುವಿನಲ್ಲಿ ಸಡಿಲ ಅನ್ನಿಸುತ್ತದೆ ಅಷ್ಟೇ, ಮುಂದೆ ಎಳೆದಂತೆ ಬೇಗ ಗಟ್ಟಿಯಾಗುತ್ತದೆ. ನಿಜವಾಗಿ ಮೆತ್ತಗೆ ಬೇಕಾದರೆ ತಂತಿ ಸಣ್ಣದಾಗಬೇಕು. ತಂತಿಯ ದಪ್ಪ 10% ಜಾಸ್ತಿಯಾದರೆ ಬಿರುಸು 46% ಏರುತ್ತದೆ. ದಪ್ಪವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದ ಲೆಕ್ಕ ಅದು. ಮೇಸ್ತ್ರಿಗೆ ಈ ಸೂತ್ರ ಬೇಕಾಗಿರಲಿಲ್ಲ. ಎರಡು ತಂತಿಯನ್ನು ಉಗುರಿನಲ್ಲಿ ಮೀಟಿ ಇದೇ ಮಾತು ಹೇಳಿಬಿಟ್ಟರು.

ಮಾವನ ಹಟಕ್ಕೆ ಮೆತ್ತನೆಯ ಮೇನ್ ಸ್ಪ್ರಿಂಗ್ ಕೂಡ ಹಾಕಿ ನೋಡಿದೆವು. ಎಳೆತ ಬೆಣ್ಣೆ. ಮಾವನ ಮುಖ ಅರಳಿತು. ಮೇಸ್ತ್ರಿ ಮಾತಾಡದೆ ಕೆಲವು ಕೇಸು, ಅಂದರೆ ಗುಂಡು ಕೂರುವ ಲೋಹದ ಕೊಳವೆ, ತುಂಬಿದರು. ಗುಂಡೂ ಇಲ್ಲ, ಮದ್ದೂ ಇಲ್ಲ, ತಳದಲ್ಲಿ ಪೆಟ್ಟು ಬಿದ್ದರೆ ಹೊತ್ತುವ ಪ್ರೈಮರ್ ಮಾತ್ರ. ಹಿಂದಿನ ಕೋಣೆಗೆ ಹೋಗಿ ಎಳೆದರು. ಪಟ್, ಪಟ್, ಟಿಕ್. ಆ ಟಿಕ್ ಕೇಳಿಸಿದಾಗ ಮಾವ ಕುರ್ಚಿಯಿಂದ ಎದ್ದರು. ಹೊತ್ತದ ಪ್ರೈಮರ್ ಮೇಲೆ ಬಿದ್ದ ಗುಳಿ ಮೇಲುಮೇಲಕ್ಕೆ ಇತ್ತು. ಅದೇ ಕೇಸನ್ನು ಹ್ಯಾಮರ್ ಕೈಯಲ್ಲಿ ಎಳೆದು ನಿಲ್ಲಿಸಿ ಹೊಡೆದರೆ ಹೊತ್ತಿತು. ಕೈಯಲ್ಲಿ ಎಳೆದು ನಿಲ್ಲಿಸಿದಾಗ ಹ್ಯಾಮರ್ ಸ್ವಲ್ಪ ಜಾಸ್ತಿ ಹಿಂದಕ್ಕೆ ಹೋಗುತ್ತದೆ, ಪೆಟ್ಟು ಜೋರು. ಬರೀ ಟ್ರಿಗರ್‌ನಿಂದ ಎಳೆದರೆ ಅಷ್ಟು ದೂರ ಹೋಗುವ ಮೊದಲೇ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಮೇಸ್ತ್ರಿ ಯಾವಾಗಲೂ ಟ್ರಿಗರ್ ಎಳೆದೇ ಪರೀಕ್ಷೆ ಮಾಡುತ್ತಾರಂತೆ.

"ಗೌಡ್ರೇ, ಗುರಿ ಆಟಕ್ಕಾದ್ರೆ ಇದನ್ನ ಬಿಡಿ ಅಂತಿದ್ದೆ. ಒಂದು ಟಿಕ್ ಅಂದ್ರೆ ಒಂದು ಪಾಯಿಂಟ್ ಹೋಯ್ತು. ನಿಮ್ಗೆ ಏನು ಹೋಗುತ್ತೆ ನೋಡ್ಕೊಳ್ಳಿ."

ಹಳೇ ಮೇನ್ ಸ್ಪ್ರಿಂಗ್ ವಾಪಸ್ ಒಳಗೆ ಹೋಯಿತು. ರಿಬೌಂಡ್‌ಗೆ 14 ಹಾಕಿದಾಗ ಟ್ರಿಗರ್ ಸೋಮಾರಿಯಾಗಿ ಮುಂದಕ್ಕೆ ಬಂತು. ಅದು ಪೂರ್ತಿ ಬರುವ ಮೊದಲೇ ಮತ್ತೆ ಎಳೆದರೆ ರಿವಾಲ್ವರ್ ಕಚ್ಚಿಕೊಳ್ಳುತ್ತದೆ. ಗಾಬರಿಯಲ್ಲಿ ಯಾರೂ ಪೂರ್ತಿ ಬಿಟ್ಟು ಎಳೆಯುವುದಿಲ್ಲ. 15ರಲ್ಲಿ ಟ್ರಿಗರ್ ಬೆರಳನ್ನು ತಳ್ಳಿಕೊಂಡೇ ವಾಪಸ್ ಬಂತು. ತಕ್ಕಡಿ 5 ಕಿಲೋ ಚಿಲ್ಲರೆ ತೋರಿಸಿತು. ಪ್ರೈಮರ್‌ಗಳೆಲ್ಲ ಹೊತ್ತಿದವು. ನನ್ನ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿದಿತ್ತು. ಮನೆಯಲ್ಲಿ ಇಡುವ ರಿವಾಲ್ವರ್ ಅದಕ್ಕಿಂತ ಹಗುರ ಆಗುವುದು ನನಗೂ ಬೇಡ. ಮೊಮ್ಮಕ್ಕಳು ಓಡಾಡುವ ಮನೆ, ಬೀಗದೊಳಗೆ ಇದ್ದರೂ ಅಷ್ಟೇ.

ಮಾವನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಹತ್ತಾರು ಸಲ ಎಳೆದು, "ಇನ್ನೂ ಒಂಚೂರು ಗಟ್ಟಿ ಅದೆ" ಎಂದರು. ಮೇಸ್ತ್ರಿ ಅವರ ಕೈ ಹಿಡಿದು ನೋಡಿದರು. ದೊಡ್ಡ ಅಂಗೈ, ಚಿಕ್ಕ ಮರದ ಹಿಡಿ. ಬೆರಳು ಟ್ರಿಗರ್ ಸುತ್ತ ಬಳಸಿ ಒಳಗೆ ಹೋಗಿ ಓರೆಯಾಗಿ ಎಳೆಯುತ್ತಿತ್ತು. ಸ್ವಲ್ಪ ದಪ್ಪ ಹಿಡಿ ಹಾಕಿದರೆ ಬೆರಳು ನೇರಕ್ಕೆ ಬರುತ್ತದೆ, ಅದೇ 5 ಕಿಲೋ ಹಗುರ ಅನ್ನಿಸುತ್ತದೆ ಎಂದರು. ಬೀಟೆ ಮರದಲ್ಲಿ ಮಾಡಿಸೋಣ ಅಂತ ಅಡ್ವಾನ್ಸ್ ಕೊಟ್ಟು ಬಂದಿದ್ದೇವೆ. ಮಾವ ಕೈಯ ಅಳತೆಯನ್ನು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆಸಿಕೊಟ್ಟಿದ್ದಾರೆ.