‘ಬಾನಿ ಕೇಟ್’: ಫಿಶರ್‌ರೋದಿಂದ ನ್ಯೂಯಾರ್ಕ್‌ವರೆಗೆ

14 ನವೆಂಬರ್ 2024, ಗುರುವಾರ

ಈ ವಾರವಿಡೀ ಕಿವಿಯಲ್ಲಿ ಒಂದೇ ಮಟ್ಟು, ‘ಬಾನಿ ಕೇಟ್’. ಐರ್ಲೆಂಡಿನ ಪಿಟೀಲುಗಾರ ಮೈಕಲ್ ಕೋಲ್ಮನ್ 1930ರ ದಶಕದಲ್ಲಿ ಅಮೆರಿಕದಲ್ಲಿ ನುಡಿಸಿ ಗ್ರಾಮಫೋನ್ ತಟ್ಟೆಗೆ ಕೊಟ್ಟ ರೀಲ್ ಇದು. ಸುಮಾರು ಮೂರು ನಿಮಿಷದಲ್ಲಿ ಇದರ ಬೆನ್ನಿಗೇ ‘ಜೆನೀಸ್ ಚಿಕನ್ಸ್’ ಎಂಬ ಇನ್ನೊಂದು ರೀಲ್ ಕೂಡ ಬಂದು ಮುಗಿದುಹೋಗುತ್ತದೆ. ಇವತ್ತು ವೇಗವನ್ನು ಅರ್ಧಕ್ಕೆ ಇಳಿಸಿ, ಕೈಯಲ್ಲಿ ಪಿಟೀಲು ಹಿಡಿದುಕೊಂಡೇ ಕೇಳಿದೆ.

ರೀಲ್ ಅಂದರೆ ಕುಣಿತಕ್ಕೆ ಹುಟ್ಟಿದ ಮಟ್ಟು. ಒಂದು ‘ಬಾರ್’ಗೆ, ಅಂದರೆ ತಾಳದ ಒಂದು ಸುತ್ತಿಗೆ, ಎಂಟು ಸ್ವರ, ಬಿಡುವಿಲ್ಲದ ಓಟ. ಸಾಮಾನ್ಯವಾಗಿ ಎರಡೇ ಭಾಗ, ಒಂದೊಂದೂ ಎಂಟು ‘ಬಾರ್’ನದು. ಇಷ್ಟು ಪುಟ್ಟ ಸರಕನ್ನು ಕುಣಿಯುವವರ ಕಾಲು ನಿಲ್ಲುವವರೆಗೂ ಸುತ್ತಿ ಸುತ್ತಿ ನುಡಿಸಬೇಕು. ಹಾಗಾಗಿ ಅದೇ ಜಾಗಕ್ಕೆ ಮತ್ತೆ ಬಂದಾಗ ಏನು ಮಾಡುತ್ತಾನೆ ಅನ್ನುವುದರಲ್ಲೇ ನುಡಿಸುವವನ ಕೈಚಳಕವೆಲ್ಲ ಇದೆ.

ಕೋಲ್ಮನ್ ಮಾಡುವುದನ್ನು ಹತ್ತಿರದಿಂದ ನೋಡಿದರೆ ಮೈ ಜುಮ್ಮೆನ್ನುತ್ತದೆ. ಐರಿಷ್ ಪಿಟೀಲಿನಲ್ಲಿ ‘ರೋಲ್’ ಅನ್ನುವ ಒಂದು ಅಲಂಕಾರವಿದೆ. ಮೂಲ ಸ್ವರ, ಮೇಲಿನದರ ಒಂದು ಮಿಂಚು, ಮತ್ತೆ ಮೂಲ, ಕೆಳಗಿನದರ ಒಂದು ತಟ್ಟು, ಮತ್ತೆ ಮೂಲ. ಈ ಐದೂ ಕಮಾನಿನ ಒಂದೇ ಎಳೆತದಲ್ಲಿ. ಮೇಲಿನ ಮತ್ತು ಕೆಳಗಿನ ಸ್ವರಗಳು ಸ್ವರವಾಗಿ ಕೇಳಿಸಲೇಬಾರದು, ಬೆರಳು ತಂತಿಗೆ ಸೋಕಿದಷ್ಟೇ ಸದ್ದು. ಕೋಲ್ಮನ್ ಒಂದು ಸುತ್ತಿನಲ್ಲಿ ರೋಲ್ ಇಟ್ಟ ಕಡೆ ಇನ್ನೊಂದು ಸುತ್ತಿನಲ್ಲಿ ಕಮಾನಿನಿಂದ ಪಟಪಟನೆ ಒಂದು ತಿಶ್ರ, ಅಂದರೆ ಮೂರು ಸ್ವರಗಳ ಗೊಂಚಲು, ಹೊಡೆಯುತ್ತಾನೆ. ಮತ್ತೊಮ್ಮೆ ಅದನ್ನೂ ಬಿಟ್ಟು ಆ ಜಾಗವನ್ನು ಬೇರೆ ಸ್ವರಗಳಿಂದ ದಾಟುತ್ತಾನೆ. ನಮ್ಮ ಕರ್ನಾಟಕ ಸಂಗೀತದ ಕೃತಿಯಲ್ಲಿ ಒಂದೇ ಸಾಲನ್ನು ಬೆಳೆಸುತ್ತಾ ಹೋಗುವ ಸಂಗತಿಗಳ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮ ಇಲ್ಲಿಲ್ಲ. ಹೋಗುವ ದಾರಿ ಅದೇ, ಹೆಜ್ಜೆ ಮಾತ್ರ ಬೇರೆ. ಒಂದು ಸ್ವರ ಆಚೀಚೆಯಾದರೂ ಓಟ ಎಲ್ಲೂ ಕುಂಟುವುದಿಲ್ಲ.

ಐರಿಷ್ ಪಿಟೀಲಿನ ಕಿರೀಟದಂತಿರುವ ಈ ಮಟ್ಟು ಹುಟ್ಟಿದ್ದು ಮಾತ್ರ ಸ್ಕಾಟ್ಲೆಂಡಿನಲ್ಲಿ. 18ನೇ ಶತಮಾನದಲ್ಲಿ ಎಡಿನ್‌ಬರೋದಲ್ಲಿದ್ದ ಪಿಟೀಲುಗಾರ ಡೇನಿಯಲ್ ಡೌ ಇದನ್ನು ‘ದಿ ಬಾನಿ ಲಾಸ್ ಆಫ್ ಫಿಶರ್‌ರೋ’ (ಫಿಶರ್‌ರೋದ ಚೆಲುವೆ) ಎಂಬ ಹೆಸರಿನಲ್ಲಿ ಕಟ್ಟಿ, 1770ರ ದಶಕದ ತನ್ನ ಸಂಗ್ರಹದಲ್ಲಿ ಅಚ್ಚು ಹಾಕಿಸಿದ. ‘ಮಾನಿಮಸ್ಕ್’ ಎಂಬ ಹೆಸರಾಂತ ಮಟ್ಟು ಕೂಡ ಆತನದೇ. ಫಿಶರ್‌ರೋ ಎಡಿನ್‌ಬರೋದ ಪೂರ್ವಕ್ಕಿರುವ ಮೀನುಗಾರರ ಬಂದರು. ಅಲ್ಲಿನ ಹೆಂಗಸರು ಮೀನಿನ ಬುಟ್ಟಿಗಳನ್ನು ಬೆನ್ನಿಗೆ ಹೊತ್ತು ನಡೆದೇ ಪಟ್ಟಣಕ್ಕೆ ಬಂದು ಮಾರುತ್ತಿದ್ದರು. ಡೌ ಹಾಡಿ ಹೊಗಳಿದ ಆ ಚೆಲುವೆ ಅವರಲ್ಲೇ ಒಬ್ಬಳಿರಬೇಕು ಅಂದುಕೊಂಡರೆ ಈ ಮಟ್ಟಿನ ಬಿರುಸು ನನಗೆ ಇನ್ನೂ ಇಷ್ಟವಾಗುತ್ತದೆ. ಐರ್ಲೆಂಡಿಗೆ ಬಂದ ಮೇಲೆ ಊರಿನ ಹೆಸರು ಉದುರಿಹೋಗಿ ಆಕೆ ಬರೀ ಕೇಟ್ ಆದಳು.

ಇದರಲ್ಲಿ ಅಚ್ಚರಿಪಡುವುದು ಏನೂ ಇಲ್ಲ. ರೀಲ್ ಎಂಬ ಪ್ರಕಾರವೇ 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಐರ್ಲೆಂಡಿಗೆ ಬಂದದ್ದು. ಕುಣಿತ ಕಲಿಸುವ ಮೇಷ್ಟ್ರುಗಳು, ಊರೂರು ಅಲೆಯುವ ವಾದಕರು, ಅಚ್ಚಾದ ಪುಸ್ತಕಗಳು, ಆಲೂಗಡ್ಡೆ ಕೀಳುವ ಕೂಲಿಗೆ ಐರ್ಲೆಂಡಿನ ಡಾನಿಗಾಲ್‌ನಿಂದ ಸ್ಕಾಟ್ಲೆಂಡಿಗೆ ಹೋಗಿ ಬರುತ್ತಿದ್ದ ಬಡವರು, ಎಲ್ಲರ ಜೊತೆಗೂ ಮಟ್ಟುಗಳು ಸಮುದ್ರ ದಾಟಿದವು. ‘ಜೆನೀಸ್ ಚಿಕನ್ಸ್’ ಕೂಡ ಸ್ಕಾಟ್ಲೆಂಡಿನ ‘ಸ್ಲೀಪಿ ಮ್ಯಾಗಿ’ಯೇ. ಇಲ್ಲಿ ಎರಡು ಭಾಗಗಳು ಅದಲುಬದಲಾಗಿವೆ. ಅಲ್ಲಿನ ಮೊದಲನೆಯದು ಇಲ್ಲಿ ಎರಡನೆಯದು. ಕೇಳುವಾಗ ಮಾತ್ರ ಬೇರೆಯೇ ಮಟ್ಟು ಅನ್ನಿಸುತ್ತದೆ, ಯಾಕೆಂದರೆ ಯಾವ ಬಾಗಿಲಿನಿಂದ ಒಳಗೆ ಹೋದೆವೋ ಅದೇ ಮನಸ್ಸಿನಲ್ಲಿ ಉಳಿಯುತ್ತದೆ.

ಹೀಗೆ ಒಂದೇ ತಟ್ಟೆಯಲ್ಲಿ ಸ್ಕಾಟ್ಲೆಂಡಿನ ಎರಡು ಮಟ್ಟು, ಐರ್ಲೆಂಡಿನ ಸ್ಲೈಗೋದ ಕೈ, ಅಮೆರಿಕದ ಯಂತ್ರ. ಕೋಲ್ಮನ್ ಹುಟ್ಟಿದ್ದು 1891ರಲ್ಲಿ, ಸ್ಲೈಗೋ ಕೌಂಟಿಯ ಕಿಲಾವಿಲ್ ಬಳಿ. 1914ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ. 1921ರಿಂದ ತಟ್ಟೆಗಳು ಹೊರಬಂದವು. ಅನೇಕ ತಟ್ಟೆಗಳಲ್ಲಿ ಜೊತೆಗಿರುವ ಪಿಯಾನೊ ಕಿವಿಗೆ ಹಿಂಸೆ. ಈ ಸಂಗೀತದ ಗಂಧವಿಲ್ಲದವರನ್ನು ಕೂರಿಸಿಬಿಡುತ್ತಿದ್ದರು. ಆದರೂ ಆ ತಟ್ಟೆಗಳು ಊರಿಗೆ ಮರಳಿದವು. ಗ್ರಾಮಫೋನ್ ಇದ್ದ ಒಂದು ಮನೆಗೆ ಸುತ್ತಲಿನವರೆಲ್ಲ ಬಂದು ಕೇಳಿದರು, ಕಲಿತರು.

ನನಗೆ ಸಂಕಟವಾಗುವುದು ಇಲ್ಲೇ. ಅಲ್ಲಿಯವರೆಗೆ ಐರ್ಲೆಂಡಿನ ಒಂದೊಂದು ಸೀಮೆಗೂ ಅದರದೇ ಕಮಾನು ಇತ್ತು. ಡಾನಿಗಾಲ್‌ನವರದು ಸ್ವರಕ್ಕೊಂದು ಎಳೆತ, ಬಿರುಸಾದ ತಿಶ್ರಗಳು, ಸ್ಕಾಟ್ಲೆಂಡಿನ ನೆರೆಹೊರೆಯ ಗುರುತು. ಸ್ಲೈಗೋದವರದು ಸ್ವರಗಳನ್ನು ಕಮಾನಿನಲ್ಲಿ ಕೋದು ರೋಲ್‌ಗಳಿಂದ ತುಂಬುವ ಬಗೆ. ತಟ್ಟೆ ಬಂದ ಮೇಲೆ ಎಷ್ಟೋ ಕಡೆ ತಮ್ಮ ಬಗೆಯನ್ನು ಬದಿಗಿಟ್ಟು ಕೋಲ್ಮನ್‌ನನ್ನು ಸ್ವರ ಬಿಡದೆ ನಕಲು ಮಾಡಿದರು. 1934ರಲ್ಲಿ ಆತ ‘ದಿ ಟಾರ್ಬೋಲ್ಟನ್’, ‘ದಿ ಲಾಂಗ್‌ಫರ್ಡ್ ಕಲೆಕ್ಟರ್’, ‘ದಿ ಸೇಲರ್ಸ್ ಬಾನೆಟ್’ ಈ ಮೂರನ್ನು ಒಂದಾದ ಮೇಲೊಂದು ನುಡಿಸಿದ. ಇವತ್ತಿಗೂ ಎಲ್ಲೇ ವಾದಕರು ಕೂತರೂ ಅವುಗಳನ್ನು ಅದೇ ಸಾಲಿನಲ್ಲಿ ನುಡಿಸುವ ರೂಢಿ. ‘ಬಾನಿ ಕೇಟ್’ಗೂ ಅದೇ ಗತಿ. ಆ ದಿನ ಆ ಕ್ಷಣಕ್ಕೆ ಹೊಳೆದ ಬದಲಾವಣೆಗಳನ್ನು ಪಾಠ ಒಪ್ಪಿಸುವ ಹಾಗೆ ಒಪ್ಪಿಸುವವರಿದ್ದಾರೆ. ಮಾರನೆಯ ದಿನ ಧ್ವನಿಮುದ್ರಿಸಿದ್ದರೆ ಕೋಲ್ಮನ್‌ನೇ ಬೇರೆ ಥರ ನುಡಿಸುತ್ತಿದ್ದ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆತನಿಂದ ಕಲಿಯಬೇಕಾದದ್ದು ಆ ಬದಲಾಯಿಸುವ ಧೈರ್ಯ.

ಷಿಕಾಗೋ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1850 ಮಟ್ಟುಗಳ ದೊಡ್ಡ ಸಂಗ್ರಹ ತಂದ. ಅಂಥ ಪುಸ್ತಕದಲ್ಲಿ ಒಂದು ಮಟ್ಟಿಗೆ ಸಿಗುವುದು ಕೆಲವೇ ಸಾಲು, ಬರೀ ಎಲುಬು. ಆ ಎಲುಬಿನ ಮೇಲೆ ನುಡಿಸುವವನೇ ಮಾಂಸ ತುಂಬಬೇಕು ಅನ್ನುವುದು ಓದುವವನಿಗೆ ತಾನಾಗೇ ಗೊತ್ತಾಗುತ್ತದೆ. ತಟ್ಟೆ ಹಾಗಲ್ಲ, ಎಲ್ಲವನ್ನೂ ತುಂಬಿಸಿಯೇ ಕೊಡುತ್ತದೆ. ಕಲಿಯುವವರಿಗೆ ಅದು ವರವೂ ಹೌದು, ಬೇಲಿಯೂ ಹೌದು. ನಾನಂತೂ ಆ ತಟ್ಟೆ ಇಲ್ಲದ ಲೋಕವನ್ನು ಬಯಸಲಾರೆ.

ಇವತ್ತು ಮೊದಲ ಭಾಗದ ರೋಲ್‌ಗಳು ಒಂದಿಷ್ಟು ಕೈಗೆ ಹತ್ತಿದವು. ಉಂಗುರ ಬೆರಳಿನ ತಟ್ಟು ಇನ್ನೂ ಭಾರ. ನಾಳೆ ಕೋಲ್ಮನ್‌ನನ್ನು ಪಕ್ಕಕ್ಕಿಟ್ಟು, ಫಿಶರ್‌ರೋ ಚೆಲುವೆಯನ್ನು ಅಲಂಕಾರವಿಲ್ಲದೆ, ಸ್ವರಕ್ಕೊಂದು ಕಮಾನಿನಂತೆ ನುಡಿಸಿ ನೋಡಬೇಕು. ಮೂರನೆಯ ಸುತ್ತಿಗೆ ಬಂದಾಗ ಎಲ್ಲಾದರೂ ಒಂದು ಕಡೆ ನನ್ನದೇ ಒಂದು ತಿಶ್ರ ಹಾಕುತ್ತೇನೆ.